ಗುಳಿಗೆ ಎಣಿಸಿದವರು ನಿದ್ದೆ ಕೇಳಲಿಲ್ಲ

ಎಆರ್‌ಟಿ ಕೇಂದ್ರಕ್ಕೆ ಎಚ್‌ಐವಿಯ ಗುಳಿಗೆ ಒಯ್ಯಲು ಬರುವವರು ಹಳೆಯ ಡಬ್ಬಿಯನ್ನೂ ಚೀಲದಲ್ಲಿಟ್ಟುಕೊಂಡು ಬರಬೇಕು. ಮೇಜಿನ ಮೇಲೆ ಅದನ್ನು ಸುರುವಿ, ಉಳಿದ ಗುಳಿಗೆಗಳನ್ನು ಬೆರಳಲ್ಲಿ ಸರಿಸಿ ಎಣಿಸುತ್ತಾರೆ. ಲೆಕ್ಕಕ್ಕಿಂತ ಮೂರು ಹೆಚ್ಚು ಉಳಿದಿದ್ದರೆ ‘ಯಾಕಮ್ಮ, ಮೂರು ದಿನ ತಪ್ಪಿಸಿದ್ದೀಯಲ್ಲ, ಊರಿಗೆ ಹೋಗಿದ್ಯಾ?’ ಎಂಬ ವಿಚಾರಣೆ. ಆಮೇಲೆ ತೂಕ. ಆಮೇಲೆ ಕ್ಷಯದ ನಾಲ್ಕು ಪ್ರಶ್ನೆ: ಕೆಮ್ಮು ಇದೆಯಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತೀಯಾ. ಪ್ರತಿ ಭೇಟಿಯಲ್ಲೂ ಈ ನಾಲ್ಕನ್ನು ಕೇಳಲೇಬೇಕು ಎಂಬುದು ನಿಯಮ. ಒಳ್ಳೆಯ ನಿಯಮ. ಎಚ್‌ಐವಿ ಇದ್ದವರನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ಕಾಯಿಲೆ ಕ್ಷಯವೇ.

ಮೂರು ಗುಳಿಗೆ ಯಾಕೆ ಉಳಿಯಿತು ಎಂದರೆ ಹೆಂಗಸು ‘ಮರೆತೆ ಸಾರ್’ ಅನ್ನುತ್ತಾಳೆ. ಎಷ್ಟೋ ಸಲ ಅದು ಮರೆವಲ್ಲ. ಆ ಮೂರು ರಾತ್ರಿ ಎದ್ದು ಹೋಗಿ ಒಂದು ಲೋಟ ನೀರು ಬಗ್ಗಿಸಿಕೊಳ್ಳುವುದೂ ಬೇಡವೆನಿಸಿರುತ್ತದೆ. ನುಂಗಿ ಯಾರಿಗೇನಾಗಬೇಕು ಅನಿಸಿರುತ್ತದೆ. ಇದನ್ನು ಹೇಳಲು ಆ ಮೇಜಿನ ಮುಂದೆ ಅವಕಾಶವಿಲ್ಲ, ಹಿಂದೆ ಸಾಲಿನಲ್ಲಿ ಇನ್ನೂ ನಲವತ್ತು ಜನ ನಿಂತಿದ್ದಾರೆ. ಕೇಳುವವರಿಗೂ ಅದು ಕೇಳಬೇಕಾದ ವಿಷಯ ಅನಿಸುವುದಿಲ್ಲ. ‘ಅಂಥ ಕಾಯಿಲೆ ಬಂದಿದೆ, ಬೇಸರ ಇರೋದಿಲ್ಲವೇ?’ ಎಂಬ ಅನುಕಂಪದ ಮಾತೊಂದು ನಮ್ಮ ನಾಲಿಗೆ ಮೇಲೆ ಸಿದ್ಧವಾಗಿದೆ. ವೈದ್ಯರೂ ಹೇಳುತ್ತಾರೆ, ನೆಂಟರೂ ಹೇಳುತ್ತಾರೆ, ಕೊನೆಗೆ ಆಕೆಯೂ ಅದನ್ನೇ ನಂಬುತ್ತಾಳೆ. ನನ್ನ ತಕರಾರು ಇರುವುದು ಈ ಅನುಕಂಪದ ಮೇಲೆಯೇ. ಎಚ್‌ಐವಿ ಇದ್ದವಳಿಗೆ ಕೆಮ್ಮು ಬಂದರೆ ‘ಇದ್ದದ್ದೇ’ ಅಂತ ಬಿಡುವುದಿಲ್ಲ, ಕಫ ಪರೀಕ್ಷೆಗೆ ಕಳಿಸುತ್ತೇವೆ. ಖಿನ್ನತೆ ಬಂದರೆ ಮಾತ್ರ ‘ಇದ್ದದ್ದೇ’ ಅಂದು ಮುಂದಿನವರನ್ನು ಕರೆಯುತ್ತೇವೆ.

ದುಃಖ ಬೇರೆ, ಖಿನ್ನತೆ ಬೇರೆ. ಪರೀಕ್ಷೆಯ ಫಲಿತಾಂಶ ಕೇಳಿ ವಾರಗಟ್ಟಲೆ ಅತ್ತವಳು ನಿಧಾನಕ್ಕೆ ಮಗುವಿನ ಹಾಲು, ಕೂಲಿ, ಸಂತೆ ಎಂದು ಮತ್ತೆ ಬದುಕಿಗೆ ಮರಳಿದರೆ ಅದು ದುಃಖ. ಎರಡು ವಾರಕ್ಕೂ ಮೀರಿ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿಯೇ ಇದ್ದು, ಇಷ್ಟದ ಯಾವುದರಲ್ಲೂ ರುಚಿ ಇಲ್ಲವಾಗಿ, ನಿದ್ದೆ–ಹಸಿವು ಕೆಟ್ಟು, ಕೈಕಾಲು ಸೋತು, ‘ನನ್ನಿಂದಲೇ ಎಲ್ಲ ಹಾಳಾಯಿತು’ ಎಂಬ ತಪ್ಪಿತಸ್ಥ ಭಾವ ಬಿಡದಿದ್ದರೆ ಅದು ಕಾಯಿಲೆ. ಅದಕ್ಕೆ ಔಷಧ ಇದೆ, ಮಾತಿನ ಚಿಕಿತ್ಸೆ ಇದೆ, ವಾಸಿಯೂ ಆಗುತ್ತದೆ.

ಈ ಕಾಯಿಲೆ ಎಷ್ಟು ಜನರ ಪ್ರಶ್ನೆ? ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ಅವರಲ್ಲಿ ನೂರಕ್ಕೆ 44–45 ಮಂದಿ ಹೆಂಗಸರು. ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರ ಅತಿ ಹೆಚ್ಚು ಸೋಂಕಿತರಿರುವುದು ಕರ್ನಾಟಕದಲ್ಲಿ: ಎರಡೂವರೆ ಲಕ್ಷಕ್ಕೂ ಮಿಕ್ಕಿ. ಇನ್ನು ಸೋಂಕಿನ ಮಾತು ಬಿಟ್ಟು ಬರೀ ಬಾಣಂತಿಯರನ್ನೇ ನೋಡಿ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಹೆರಿಗೆಯ ನಂತರ ನೂರರಲ್ಲಿ 22 ತಾಯಂದಿರಿಗೆ ಖಿನ್ನತೆಯ ಲಕ್ಷಣಗಳಿರುತ್ತವೆ. ಬಸಿರು–ಬಾಣಂತನವೇ ಇಷ್ಟು ಭಾರ ಹೊರಿಸುವಾಗ, ಅದರ ಮೇಲೆ ವೈರಸ್ಸು, ಗುಟ್ಟು, ಬಡತನ ಮೂರೂ ಕೂತರೆ ಏನಾದೀತು?

ಅಮೆರಿಕದ ಬಾಲ್ಟಿಮೋರ್, ಬ್ರಾಂಕ್ಸ್, ಡೆಟ್ರಾಯಿಟ್, ಪ್ರಾವಿಡೆನ್ಸ್‌ಗಳಲ್ಲಿ 1993ರಿಂದ ನಡೆದ ಒಂದು ದೊಡ್ಡ ಅಧ್ಯಯನ ಇಂಥ ಹೆಂಗಸರ ಬದುಕನ್ನೇ ಹಿಂಬಾಲಿಸಿತು. ಸೋಂಕು ಇದ್ದವರನ್ನೂ, ಸೋಂಕಿಲ್ಲದಿದ್ದರೂ ಅಪಾಯದ ಅಂಚಿನಲ್ಲಿದ್ದವರನ್ನೂ ಜೊತೆಗೇ ಸೇರಿಸಿಕೊಂಡದ್ದು ಅದರ ವಿಶೇಷ. ಅವರಲ್ಲಿ 16ರಿಂದ 55 ವರ್ಷದ 765 ಸೋಂಕಿತ ಮಹಿಳೆಯರ ಲೆಕ್ಕ 2001ರಲ್ಲಿ ಪ್ರಕಟವಾಯಿತು. ಏಳು ವರ್ಷಗಳವರೆಗಿನ ಆ ಅವಧಿಯಲ್ಲಿ ಖಿನ್ನತೆಯ ಲಕ್ಷಣಗಳು ಬಿಡದೆ ಕಾಡಿದವರು, ಅಂಥ ಲಕ್ಷಣ ಅಷ್ಟಾಗಿ ಇಲ್ಲದವರಿಗಿಂತ ಎರಡು ಪಟ್ಟು ಹೆಚ್ಚಾಗಿ ಸತ್ತಿದ್ದರು. ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಎಣಿಕೆ, ಚಿಕಿತ್ಸೆ ಮುಂತಾದ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದ ಮೇಲೂ ಇದೇ ಫಲ. ಮೂರು ವರ್ಷದ ನಂತರ ಇನ್ನೊಂದು ಅಮೆರಿಕನ್ ಅಧ್ಯಯನ ಬಂತು. ಅದರಲ್ಲಿ ಮನೋವೈದ್ಯಕೀಯ ಸೇವೆ ಪಡೆದ ಮಹಿಳೆಯರಲ್ಲಿ ಸಾವು ಕಡಿಮೆಯಿತ್ತು. ಅಂದರೆ ಮನಸ್ಸಿನ ಚಿಕಿತ್ಸೆ ಇಲ್ಲಿ ಮೇಲೋಗರವಲ್ಲ, ಜೀವ ಉಳಿಸುವ ಊಟದಲ್ಲೇ ಅದೂ ಒಂದು ಪಾಲು.

ಯಾಕೆ ಹೀಗೆ? ಒಂದು ದಾರಿ ಸರಳ: ಮನಸ್ಸು ಕುಸಿದವಳು ಗುಳಿಗೆ ಬಿಡುತ್ತಾಳೆ, ವೈರಸ್ಸು ಮತ್ತೆ ಏಳುತ್ತದೆ. ಇನ್ನೊಂದು ಮೈಯೊಳಗಿನದು. ಸೋಂಕು ತಗಲಿದ ಕೆಲವೇ ವಾರಗಳಲ್ಲಿ ವೈರಸ್ಸು ಮಿದುಳನ್ನೂ ತಲುಪುತ್ತದೆ. ಅಲ್ಲಿನ ರಕ್ಷಕ ಜೀವಕೋಶಗಳು ಕೆರಳಿ ಸಣ್ಣ ಉರಿಯೂತವೊಂದು ಉಳಿದುಕೊಳ್ಳುತ್ತದೆ. ಅಂಥ ಉರಿಯೂತಕ್ಕೂ ಖಿನ್ನತೆಗೂ ನಂಟಿದೆ. ಆದರೆ ಹೆಂಗಸರ ವಿಷಯದಲ್ಲಿ ಇವೆರಡಕ್ಕಿಂತ ದೊಡ್ಡ ಪಾಲು ವೈರಸ್ಸಿನ ಸುತ್ತಲಿನ ಬದುಕಿನದು ಎಂದು ನನ್ನ ಅಂದಾಜು.

ಪುರುಷನಿಗೆ ಸೋಂಕು ಗೊತ್ತಾಗುವುದು ಸಾಮಾನ್ಯವಾಗಿ ಕಾಯಿಲೆ ಬಿದ್ದಾಗ. ಹೆಂಗಸರಲ್ಲಿ ಅನೇಕರಿಗೆ ಅದು ಗೊತ್ತಾಗುವುದು ಬಸಿರಾದಾಗ. ತಾಯಿ ಕಾರ್ಡ್ ಮಾಡಿಸಿ, ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ ಎಂದು ಬೆರಳು ಚುಚ್ಚಿಸಿಕೊಳ್ಳುವಾಗ ಎಚ್‌ಐವಿ ಪರೀಕ್ಷೆಯೂ ಆಗುತ್ತದೆ. ಹೊಟ್ಟೆಯಲ್ಲಿ ಮೊದಲ ಕೂಸು, ಮದುವೆಯಾಗಿ ವರ್ಷವೂ ತುಂಬಿಲ್ಲ. ಆಪ್ತ ಸಮಾಲೋಚಕಿ ಬಾಗಿಲು ಮುಂದೆ ಮಾಡಿ ವಿಷಯ ತಿಳಿಸುತ್ತಾಳೆ. ಗಂಡನಿಂದ ಬಂದದ್ದೇ ಆದರೂ ಗಂಡನ ಪರೀಕ್ಷೆ ಇನ್ನೂ ಆಗಿಲ್ಲವಲ್ಲ! ಮನೆಯಲ್ಲಿ ಮೊದಲು ‘ಪಾಸಿಟಿವ್’ ಎಂದು ಗೊತ್ತಾದವಳು ಇವಳು, ಆದ್ದರಿಂದ ತಂದವಳೂ ಇವಳೇ. ‘ಇಕಿ ಬಂದಮ್ಯಾಲೇ ಮನ್ಯಾಗ ಇದು ಹೊಕ್ಕಿತು’ ಎಂಬ ತೀರ್ಪಿಗೆ ಎಷ್ಟೋ ಮನೆಗಳಲ್ಲಿ ಮೇಲ್ಮನವಿ ಇಲ್ಲ. ಒಂದೇ ದಿನ ಆಕೆಗೆ ಮೂರು ಸುದ್ದಿ: ನಿನಗೆ ಸೋಂಕಿದೆ, ಮಗುವಿಗೂ ಬರಬಹುದು, ಗಂಡನಿಗೂ ಬಹುಶಃ ಇದೆ. ಈ ಮೂರನ್ನೂ ಬಾಯಿ ಬಿಡದೆ ಹೊತ್ತುಕೊಂಡು ಆಕೆ ಬಸ್ಸು ಹತ್ತಬೇಕು.

ಕಾನೂನು ಇದನ್ನು ಅರ್ಥ ಮಾಡಿಕೊಂಡಂತಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ–ಏಡ್ಸ್ ಕಾಯ್ದೆಯು ಸೋಂಕಿನ ವಿಷಯವನ್ನು ಸಂಗಾತಿಗೆ ತಿಳಿಸುವ ಬಗ್ಗೆ ಹೇಳುವಾಗ ಒಂದು ಅಪವಾದ ಇಟ್ಟಿದೆ. ತಿಳಿಸಿದರೆ ಹಿಂಸೆ ಆದೀತು, ಕೈಬಿಟ್ಟಾರು, ಆಕೆಯ ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ತೀವ್ರ ಪೆಟ್ಟು ಬಿದ್ದೀತು ಎಂಬ ಆತಂಕಕ್ಕೆ ಕಾರಣವಿದ್ದರೆ ಆಸ್ಪತ್ರೆಯವರು ತಿಳಿಸಕೂಡದು. ಅದರಲ್ಲೂ ಮಹಿಳೆಯರ ವಿಷಯದಲ್ಲಿ ಎಂದು ಬಿಡಿಸಿ ಬರೆದಿದೆ. ಆಕೆಯ ಮನಸ್ಸಿನ ಹೆಸರೆತ್ತಿದ ಈ ಸಾಲು ಆರೋಗ್ಯ ಇಲಾಖೆಯ ನೋಂದಣಿ ಪುಸ್ತಕದೊಳಗೆ ಇನ್ನೂ ಒಂದು ಕಾಲಂ ಆಗಿ ಇಳಿದಿಲ್ಲ.

ಇಳಿದಿರುವುದು ಮಗುವಿನ ಲೆಕ್ಕ. ಇದರಲ್ಲಿ ನಮ್ಮ ವ್ಯವಸ್ಥೆ ನಿಜಕ್ಕೂ ಗೆದ್ದಿದೆ, ಒಪ್ಪಬೇಕು. ಏನೂ ಮಾಡದೆ ಬಿಟ್ಟರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45. ತಾಯಿ ನಿಯಮಿತವಾಗಿ ಗುಳಿಗೆ ನುಂಗಿ, ಹುಟ್ಟಿದ ಕೂಸಿಗೆ ನೆವಿರಪಿನ್ ದ್ರವ ಕುಡಿಸಿದರೆ ಅದು ಶೇ 5ಕ್ಕಿಂತ ಕೆಳಗೆ ಇಳಿಯುತ್ತದೆ. ರಕ್ತದಲ್ಲಿನ ವೈರಸ್ಸಿನ ಪ್ರಮಾಣ (ವೈರಲ್ ಲೋಡ್) ಪೂರ್ತಿ ಹಿಡಿತದಲ್ಲಿದ್ದರೆ ಇನ್ನೂ ಕೆಳಗೆ. ಆದರೆ ಈ ಗೆಲುವು ಖಚಿತವಾಗಲು ತಾಯಿ ಹದಿನೆಂಟು ತಿಂಗಳು ಕಾಯಬೇಕು. ಆರನೇ ವಾರಕ್ಕೆ ಕೂಸಿನ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತದ ಬೊಟ್ಟು ತೆಗೆಯುತ್ತಾರೆ. ಆರನೇ ತಿಂಗಳಿಗೆ ಮತ್ತೆ, ವರ್ಷಕ್ಕೆ ಮತ್ತೆ, ಕೊನೆಯದು ಒಂದೂವರೆ ವರ್ಷಕ್ಕೆ. ಪ್ರತಿ ಸಲವೂ ವರದಿ ಬರುವವರೆಗೆ ಆಕೆಗೆ ಮಗುವಿನ ಪ್ರತಿ ಭೇದಿ, ಪ್ರತಿ ನೆಗಡಿ ‘ಅದೇ’ ಇರಬಹುದು. ತಾಯಿಯ ಮನಸ್ಸು ಅತಿ ಹೆಚ್ಚು ಕುಸಿಯುವ ಬಾಣಂತನದ ತಿಂಗಳುಗಳೂ ಇವೇ. ಆ ಹದಿನೆಂಟು ತಿಂಗಳಲ್ಲಿ ಮಗುವನ್ನು ಕಾಣಲು ದಿನಾಂಕ ಗೊತ್ತುಮಾಡಿದವರು, ತಾಯಿಯ ಮನಸ್ಸನ್ನು ಕಾಣಲು ಒಂದು ದಿನವನ್ನೂ ಗೊತ್ತುಮಾಡಲಿಲ್ಲ.

ಇನ್ನು ಎದೆಹಾಲಿನ ಸಂಕಟ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟರೆ ಬೇರೇನೂ ಕೊಡಬಾರದು ಎಂಬ ಸಲಹೆ ಎಲ್ಲ ತಾಯಂದಿರಿಗೂ ಇದೆ, ಎಚ್‌ಐವಿ ಇದ್ದವಳಿಗೆ ಅದು ಇನ್ನಷ್ಟು ಬಿಗಿ. ಹಾಲಿನ ಜೊತೆ ಬೇರೆ ಆಹಾರ ಬೆರಕೆಯಾದರೆ ಕೂಸಿನ ಎಳೆಯ ಕರುಳಿಗೆ ಗಾಸಿಯಾಗಿ ಸೋಂಕು ದಾಟುವ ಅಪಾಯ ಹೆಚ್ಚುತ್ತದೆ. ಆದರೆ ಬಾಣಂತಿ ಕೋಣೆಯಲ್ಲಿ ಆಳುವವರು ಯಾರು? ಅತ್ತೆ, ಅಜ್ಜಿ, ಎರೆಯಲು ಬರುವ ಹೆಂಗಸು. ಬಜೆ ತೇಯ್ದು ನೆಕ್ಕಿಸುತ್ತಾರೆ, ಜೇನು ಮುಟ್ಟಿಸುತ್ತಾರೆ, ಕೂಸು ಅತ್ತರೆ ‘ಹಾಲು ಸಾಲ್ತಿಲ್ಲ’ ಎಂದು ಹಸುವಿನ ಹಾಲಿಗೆ ನೀರು ಬೆರೆಸುತ್ತಾರೆ. ಬೇಡ ಅಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದೆ. ಹೇಳಿದರೆ ಗುಟ್ಟು ರಟ್ಟು. ಹೇಳದಿದ್ದರೆ ಕಣ್ಣೆದುರೇ ಮಗುವಿನ ಬಾಯಿಗೆ ಬೆರಳು. ದಿನಕ್ಕೆ ಹತ್ತು ಸಲ ಈ ಪರೀಕ್ಷೆ ಎದುರಿಸುವವಳು ರಾತ್ರಿ ಹನ್ನೊಂದಕ್ಕೆ ಯಾರಿಗೂ ಕಾಣದಂತೆ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ ಗುಳಿಗೆ ತೆಗೆಯುತ್ತಾಳೆ. ಗುಳಿಗೆ ಡಬ್ಬಿ ಅಲ್ಲಾಡಿದರೆ ಸದ್ದು ಬರುತ್ತದೆಂದು ಒಳಗೆ ಹತ್ತಿ ತುರುಕಿಟ್ಟುಕೊಳ್ಳುವವರಿದ್ದಾರೆ.

ಗುಳಿಗೆಯ ವಿಷಯಕ್ಕೇ ಬಂದರೆ ಅಲ್ಲೊಂದು ಕತೆ ಇದೆ, ನನಗೆ ಅದು ಈ ಲೇಖನದ ತಿರುಳಿನಂತೆ ಕಾಣುತ್ತದೆ. ಬಹಳ ವರ್ಷ ನಮ್ಮಲ್ಲೂ, ಆಫ್ರಿಕಾದಲ್ಲೂ ಮೊದಲ ಸಾಲಿನ ಚಿಕಿತ್ಸೆಯಲ್ಲಿ ಎಫಾವಿರೆಂಜ್ ಎಂಬ ಔಷಧ ಇತ್ತು. ವೈರಸ್ಸನ್ನು ಚೆನ್ನಾಗಿಯೇ ಹಿಡಿದಿಡುತ್ತಿತ್ತು. ಆದರೆ ನುಂಗಿದ ಮೇಲೆ ತಲೆ ತಿರುಗುವುದು, ಮೈಮೇಲೆ ಬಂದಂಥ ಕನಸು, ಬೆಳಗಿನ ಜಾವ ಬೆಚ್ಚಿ ಏಳುವುದು ಅನೇಕರಿಗೆ ಆಗುತ್ತಿತ್ತು. ಕೆಲವರಲ್ಲಿ ಖಿನ್ನತೆಯೂ ಬರುತ್ತಿತ್ತು. 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಎಫಾವಿರೆಂಜ್ ಇದ್ದ ಚಿಕಿತ್ಸೆಗೆ ಒಳಗಾದವರಲ್ಲಿ ಆತ್ಮಹತ್ಯೆಯ ಯೋಚನೆ–ಯತ್ನಗಳು ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡವು. ಆ ಹೊತ್ತಿಗೆ ಡೊಲುಟೆಗ್ರಾವಿರ್ ಎಂಬ ಉತ್ತಮ ಔಷಧ ಬಂತು. ಎಲ್ಲ ದೇಶಗಳೂ ಅದಕ್ಕೆ ಬದಲಾಗಲು ಹೊರಟಿದ್ದವು. 2018ರ ಮೇ ತಿಂಗಳಲ್ಲಿ ಬೋಟ್ಸ್‌ವಾನಾದಿಂದ ಒಂದು ಸುದ್ದಿ: ಗರ್ಭ ಕಟ್ಟುವ ಹೊತ್ತಿಗೆ ಈ ಔಷಧ ತೆಗೆದುಕೊಳ್ಳುತ್ತಿದ್ದ ತಾಯಂದಿರ 426 ಮಕ್ಕಳಲ್ಲಿ ನಾಲ್ವರಿಗೆ ನರನಾಳದ ದೋಷ. ಕೂಡಲೇ ಹಲವು ದೇಶಗಳು ಹೆರುವ ವಯಸ್ಸಿನ ಹೆಂಗಸರಿಗೆ ಹೊಸ ಔಷಧವನ್ನು ತಡೆಹಿಡಿದವು. ಗಂಡಸರಿಗೆ ಡೊಲುಟೆಗ್ರಾವಿರ್, ಹೆಂಗಸರಿಗೆ ಅದೇ ಹಳೆಯ ಎಫಾವಿರೆಂಜ್. ಮಕ್ಕಳು ಸಾಕೆಂದು ನಿರ್ಧರಿಸಿದವಳಿಗೂ, ಬಸಿರಾಗುವ ಯೋಚನೆಯೇ ಇಲ್ಲದವಳಿಗೂ ಎಷ್ಟೋ ಕಡೆ ಅದೇ ನ್ಯಾಯ.

ಅದೇ ವರ್ಷ ರುವಾಂಡಾದ ಕಿಗಾಲಿಯಲ್ಲಿ ಸೇರಿದ ಆಫ್ರಿಕಾದ ಸೋಂಕಿತ ಮಹಿಳೆಯರು, ಅಪಾಯ ಏನೆಂದು ನಮಗೆ ತಿಳಿಸಿ, ಆಯ್ಕೆ ನಮಗೆ ಬಿಡಿ ಎಂದು ಪಟ್ಟು ಹಿಡಿದರು. 2019ರ ಜುಲೈ ಹೊತ್ತಿಗೆ ಹೆಚ್ಚಿನ ಹೆರಿಗೆಗಳ ಲೆಕ್ಕ ಸಿಕ್ಕು ಆ ದೋಷದ ಪ್ರಮಾಣ ಶೇ 0.3ಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಡೊಲುಟೆಗ್ರಾವಿರ್ ಎಂದಿತು. ಮುಂದಿನ ವರ್ಷಗಳಲ್ಲಿ ಉಳಿದ ವ್ಯತ್ಯಾಸವೂ ಕರಗಿತು. ಎಚ್ಚರಿಕೆ ತಪ್ಪೆಂದು ನಾನು ಹೇಳುತ್ತಿಲ್ಲ, ಹುಟ್ಟಲಿರುವ ಮಗುವಿನ ಬೆನ್ನುಹುರಿ ಸಣ್ಣ ವಿಷಯವಲ್ಲ. ಆದರೆ ನಾಲ್ಕು ಮಕ್ಕಳ ಸುಳಿವು ಸಿಕ್ಕ ಕೂಡಲೇ ಜಗತ್ತು ಎದ್ದು ಕೂತಿತು. ಲಕ್ಷಾಂತರ ಹೆಂಗಸರು ವರ್ಷಗಟ್ಟಲೆ ಕೆಟ್ಟ ಕನಸು ಕಂಡು, ನಿದ್ದೆಗೆಟ್ಟು, ಮಂಕಾಗಿ ಕೂತದ್ದು ಅದೇ ಜಗತ್ತಿಗೆ ಸಹಿಸಿಕೊಳ್ಳಬಹುದಾದ ಅಡ್ಡಪರಿಣಾಮವಾಗಿತ್ತು. ಹೆಣ್ಣಿನ ಗರ್ಭಕ್ಕೆ ಸಿಕ್ಕ ಕಾಳಜಿ ಆಕೆಯ ತಲೆಗೆ ಸಿಗಲಿಲ್ಲ. ಈಗ ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಕೊಡುವುದು ಡೊಲುಟೆಗ್ರಾವಿರ್ ಇರುವ ಟಿಎಲ್‌ಡಿ ಗುಳಿಗೆಯನ್ನೇ. ಇದರಿಂದಲೂ ಕೆಲವರಿಗೆ ನಿದ್ದೆ ಕೆಡುತ್ತದೆ. ಅಂಥವರು ರಾತ್ರಿಯ ಬದಲು ಬೆಳಿಗ್ಗೆ ನುಂಗಬಹುದೇ ಎಂದು ವೈದ್ಯರನ್ನು ಕೇಳಬೇಕು. ಬಸುರಿಯರು ಇನ್ನೊಂದು ಗಮನಿಸಬೇಕು: ಕಬ್ಬಿಣಾಂಶದ ಗುಳಿಗೆ, ಸುಣ್ಣದ ಗುಳಿಗೆಗಳನ್ನು ಟಿಎಲ್‌ಡಿ ಜೊತೆ ಖಾಲಿ ಹೊಟ್ಟೆಗೆ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಟಿಎಲ್‌ಡಿ ನುಂಗಿ ಎರಡು ಗಂಟೆ ಕಳೆದ ಮೇಲೆ ಅವನ್ನು ತೆಗೆದುಕೊಳ್ಳುವುದು ಕ್ಷೇಮ.

ಸೋಂಕು ಇನ್ನೂ ತಗಲದ, ಆದರೆ ತಗಲಬಹುದಾದ ಹೆಂಗಸರ ಮಾತು ಬೇರೆ, ಅಷ್ಟೇ ಕಷ್ಟದ್ದು. ಅಮೆರಿಕದ ಆ ನಾಲ್ಕು ನಗರಗಳಲ್ಲಿ ಸೋಂಕಿಲ್ಲದ, ಆದರೆ ಅದೇ ಬಡತನ, ಹಿಂಸೆ, ಮಾದಕ ವಸ್ತುಗಳ ನಡುವೆ ಬದುಕುತ್ತಿದ್ದ ಹೆಂಗಸರ ಮನಸ್ಸೂ ಭಾರವಾಗಿಯೇ ಇತ್ತು. ಇನ್ನೊಂದು ಕಡೆ, ಮಾದಕ ವಸ್ತುಗಳ ಚಟವಿಲ್ಲದ ಹೆಂಗಸರನ್ನಷ್ಟೇ ಆಯ್ದುಕೊಂಡು 2002ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ ಸೋಂಕಿತರ ಪೈಕಿ ಶೇ 19.4, ಸೋಂಕಿಲ್ಲದವರ ಪೈಕಿ ಶೇ 4.8 ಮಂದಿಗೆ ತೀವ್ರ ಖಿನ್ನತೆ ಇತ್ತು. ಎರಡನ್ನೂ ಜೊತೆಗಿಟ್ಟು ನೋಡಿದರೆ ವೈರಸ್ಸಿಗೂ ಪಾಲಿದೆ, ಅದು ಬಂದು ಸೇರುವ ಬದುಕಿಗೂ ಪಾಲಿದೆ ಎಂದಾಗುತ್ತದೆ. ಖಿನ್ನತೆ ಸೋಂಕು ತಗಲುವ ಅಪಾಯವನ್ನು ಹೆಚ್ಚಿಸುತ್ತದೆ ಕೂಡ. ‘ನಿರೋಧ್ ಹಾಕಿಕೋ’ ಎಂದು ಜಗಳವಾಡಲು ಮನಸ್ಸಿನಲ್ಲಿ ಕಸುವು ಬೇಕು. ತನ್ನ ಜೀವಕ್ಕೆ ಬೆಲೆಯಿದೆ ಅನಿಸದವಳು ಗಿರಾಕಿಯ ಜೊತೆಗಾಗಲಿ ಗಂಡನ ಜೊತೆಗಾಗಲಿ ಚೌಕಾಶಿಗೆ ಇಳಿಯುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಇದು ಕಾಣದ ಲೋಕವಲ್ಲ. ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದನ್ನು ರಾಜ್ಯ 1982ರ ಕಾಯ್ದೆಯಲ್ಲೇ ನಿಷೇಧಿಸಿತು. ಹಾಗಿದ್ದೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಹೆಣ್ಣುಮಕ್ಕಳು ಆ ದಾರಿಯಲ್ಲೇ ಸಾಂಗ್ಲಿ, ಪುಣೆ, ಮುಂಬೈಗಳಿಗೆ ಹೋದರು. ಮನೆಯ ಅಡುಗೆ ಒಲೆ ಉರಿಯುವುದು ಅವರ ದುಡಿಮೆಯಿಂದ, ಮರ್ಯಾದೆಯಲ್ಲಿ ಮಾತ್ರ ಪಾಲಿಲ್ಲ. ಇಂಥ ಹೆಂಗಸರಿಗೆ ಔಷಧಕ್ಕಿಂತ ಮೊದಲು ನೆರವಿಗೆ ಬಂದದ್ದು ಸಂಘ. ಮೈಸೂರಿನ ಆಶೋದಯ ಸಮಿತಿಯಂಥ ಲೈಂಗಿಕ ಕಾರ್ಯಕರ್ತರದೇ ಸಂಘಟನೆಗಳು ನಿರೋಧ್ ಹಂಚುವುದಕ್ಕಷ್ಟೇ ನಿಲ್ಲಲಿಲ್ಲ. ಹೊಡೆತ ತಿಂದವಳ ಕಡೆಗೆ ಓಡಿಹೋಗಲು ಜನರಿದ್ದರು, ಠಾಣೆಯ ಮೆಟ್ಟಿಲು ಹತ್ತಲು ಜೊತೆಯಿತ್ತು. ಅದಕ್ಕೆ ಯಾರೂ ಮನೋಚಿಕಿತ್ಸೆ ಎಂದು ಹೆಸರಿಡಲಿಲ್ಲ. ಖಿನ್ನತೆಯ ಬೇರಿನಲ್ಲಿ ಹಿಂಸೆ ಇರುವಾಗ ಹಿಂಸೆ ನಿಲ್ಲಿಸುವುದೂ ಚಿಕಿತ್ಸೆಯೇ.

ಖಿನ್ನತೆಯನ್ನು ಗುರುತಿಸುವುದು ಹೇಗೆ? ನಮ್ಮ ಹೆಂಗಸರು ‘ನನಗೆ ಖಿನ್ನತೆ’ ಎನ್ನುವುದಿಲ್ಲ. ‘ಜೀವಕ್ಕ ಬ್ಯಾಸರ ಆಗೇತ್ರಿ’, ‘ಎದಿ ಡವಡವ ಅಂತೈತಿ’, ‘ತಲೆಯೆಲ್ಲಾ ಭಾರ’, ‘ಕೈಕಾಲು ಸೇದ್ತವೆ’, ‘ಯಾಕೋ ಯಾರ ಮಾತೂ ಬೇಡ’ ಅನ್ನುತ್ತಾರೆ. ಸುಸ್ತು, ನಿದ್ದೆಗೇಡು, ತೂಕ ಇಳಿಯುವುದು ಎಚ್‌ಐವಿಯಲ್ಲೂ ಇವೆ, ರಕ್ತಹೀನತೆಯಲ್ಲೂ ಇವೆ, ಬಾಣಂತನದಲ್ಲೂ ಇವೆ. ಹಾಗಾಗಿ ಮೈಯ ಲಕ್ಷಣ ಮಾತ್ರ ನಂಬಿದರೆ ಮೋಸ ಹೋಗುತ್ತೇವೆ. ಬಾಣಂತಿಯರಿಗಾಗಿಯೇ 1987ರಲ್ಲಿ ರೂಪುಗೊಂಡ ಎಡಿನ್‌ಬರೋ ಮಾಪಕದ ಹತ್ತು ಪ್ರಶ್ನೆಗಳು ಈ ತೊಡಕು ತಪ್ಪಿಸುತ್ತವೆ. ನಗು ಬರುತ್ತದೆಯೇ, ಮುಂದಿನದರ ಬಗ್ಗೆ ಆಸೆ ಇದೆಯೇ, ಕಾರಣವಿಲ್ಲದೆ ತನ್ನನ್ನೇ ದೂರಿಕೊಳ್ಳುತ್ತಾಳೆಯೇ ಎಂಬಂಥ ಮನಸ್ಸಿನ ಪ್ರಶ್ನೆಗಳೇ ಅದರಲ್ಲಿವೆ. ಅದರ ಕನ್ನಡ ರೂಪವನ್ನು ಕರ್ನಾಟಕದ ಹಳ್ಳಿಯ ಬಸುರಿಯರಲ್ಲಿ ಪರೀಕ್ಷಿಸಿಯೂ ಆಗಿದೆ. ಹತ್ತನೆಯ ಪ್ರಶ್ನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅದನ್ನು ಕೇಳಲು ನರ್ಸುಗಳು ಹಿಂಜರಿಯುತ್ತಾರೆ, ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂದು. ಹಾಗಾಗುವುದಿಲ್ಲ. ‘ಯಾರಾದರೂ ಕೇಳಿದರಲ್ಲ’ ಎಂಬ ಬಿಡುಗಡೆಯೇ ಹೆಚ್ಚು. ಹತ್ತು ಪ್ರಶ್ನೆಗೆ ಹೊತ್ತಿಲ್ಲದ ಕಡೆ ಎರಡೇ ಪ್ರಶ್ನೆ ಸಾಕು: ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿತ್ತೇ, ಮಾಡುವ ಕೆಲಸದಲ್ಲಿ ಆಸಕ್ತಿ ಹೋಗಿತ್ತೇ. ಕ್ಷಯದ ನಾಲ್ಕಕ್ಕೆ ಈ ಎರಡು ಸೇರಿದರೆ ಎಷ್ಟು ನಿಮಿಷ ಹೆಚ್ಚಾದೀತು?

ಕೇಳಿದ ಮೇಲೆ ಏನು ಮಾಡುವುದು, ಮನೋವೈದ್ಯರು ಎಲ್ಲಿದ್ದಾರೆ ಎಂಬ ಆಕ್ಷೇಪಕ್ಕೆ ಜಿಂಬಾಬ್ವೆ ಉತ್ತರ ಕೊಟ್ಟಿದೆ. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರ ರೋಗಿಯೊಬ್ಬಳು ಬಸ್ಸಿನ ದುಡ್ಡಿಲ್ಲದೆ ಆಸ್ಪತ್ರೆಗೆ ಬರಲಾಗದೆ ಜೀವ ಕಳೆದುಕೊಂಡಳು. 2006ರಲ್ಲಿ ಅವರು ಹರಾರೆಯ ಎಂಬಾರೆ ಬಡಾವಣೆಯಲ್ಲಿ ಹದಿನಾಲ್ಕು ಅಜ್ಜಿಯರನ್ನು ಜೊತೆಗೂಡಿಸಿಕೊಂಡರು. ಕ್ಲಿನಿಕ್ಕಿನೊಳಗೆ ಕೋಣೆ ಸಿಗಲಿಲ್ಲವೆಂದು ಹೊರಗೆ ಬೆಂಚು ಹಾಕಿದರು. ಅಜ್ಜಿಯರಿಗೆ ತರಬೇತಿ ಕೊಟ್ಟದ್ದು ಒಂದೇ ವಿದ್ಯೆ: ಬಂದವಳ ಕಷ್ಟಗಳನ್ನೆಲ್ಲ ಕೇಳು, ಅವುಗಳಲ್ಲಿ ಒಂದನ್ನು ಆಕೆಯೇ ಆರಿಸಿಕೊಳ್ಳಲಿ, ಅದನ್ನು ಬಿಡಿಸಲು ಈ ವಾರ ಏನು ಮಾಡಬಹುದೆಂದು ಆಕೆಯಿಂದಲೇ ಹೇಳಿಸು. ಆರು ಸಲ ಕೂತರೆ ಮುಗಿಯಿತು. ಆಮೇಲೆ ಹೆಂಗಸರೇ ಸೇರಿ ಚೀಲ ಹೆಣೆಯುತ್ತಾ ಮಾತಾಡುವ ಗುಂಪು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 573 ಜನರಿದ್ದರು, ಹೆಚ್ಚಿನವರು ಹೆಂಗಸರು, ಹತ್ತರಲ್ಲಿ ನಾಲ್ವರಿಗೆ ಎಚ್‌ಐವಿ. ಆರು ತಿಂಗಳ ನಂತರ ಮಾಮೂಲು ಆರೈಕೆ ಪಡೆದವರಲ್ಲಿ ಸುಮಾರು ಶೇ 50 ಮಂದಿಗೆ ಖಿನ್ನತೆಯ ಲಕ್ಷಣ ಉಳಿದಿದ್ದರೆ, ಅಜ್ಜಿಯ ಬೆಂಚಿನಲ್ಲಿ ಕೂತವರಲ್ಲಿ ಶೇ 14ರಷ್ಟೇ. ಪಾಕಿಸ್ತಾನದ ಹಳ್ಳಿಗಳಲ್ಲೂ ಅತಿಫ್ ರಹಮಾನ್ ತಂಡ ಇಂಥದೇ ಕೆಲಸವನ್ನು ನಮ್ಮ ಆಶಾ ಕಾರ್ಯಕರ್ತೆಯರಂಥವರ ಕೈಲಿ ಮಾಡಿಸಿತು. 2008ರ ಅದರ ಫಲಿತಾಂಶದಲ್ಲಿ ಹೆರಿಗೆಯಾಗಿ ಆರು ತಿಂಗಳಿಗೆ ಖಿನ್ನತೆ ಉಳಿದದ್ದು ಶೇ 53ರ ಬದಲು ಶೇ 23 ತಾಯಂದಿರಲ್ಲಿ.

ಬೇರೆ ದೇಶದ ಉದಾಹರಣೆ ಕೊಡುವಾಗ ನನಗೆ ಸ್ವಲ್ಪ ಸಂಕೋಚವೂ ಆಗುತ್ತದೆ. ಮನೋವೈದ್ಯವನ್ನು ಹಳ್ಳಿಗೆ ಒಯ್ಯಬಹುದೆಂದು ತೋರಿಸಿಕೊಟ್ಟದ್ದು ನಮ್ಮದೇ ಬಳ್ಳಾರಿ. 1985ರಿಂದ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಎಚ್‌ಐವಿ ಸೋಂಕಿತರ ಆತಂಕ, ಖಿನ್ನತೆಗಳ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಪ್ರಭಾ ಚಂದ್ರ ಮತ್ತವರ ಸಂಗಡಿಗರು 1990ರ ದಶಕದಲ್ಲೇ ಬರೆದಿದ್ದಾರೆ. ತಾಯಿ–ಮಗು ಜೊತೆಗೇ ಉಳಿದು ಚಿಕಿತ್ಸೆ ಪಡೆಯುವ ವಾರ್ಡ್ ಕೂಡ ಅಲ್ಲಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ನಮ್ಮ ರಾಜ್ಯದ್ದೇ ಯೋಜನೆ. ಆದರೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ (2015–16) ಕಂಡಂತೆ ಮನಸ್ಸಿನ ಕಾಯಿಲೆ ಇದ್ದವರಲ್ಲಿ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92ರಷ್ಟು ಮಂದಿ ಚಿಕಿತ್ಸೆಯ ಹತ್ತಿರಕ್ಕೇ ಬಂದಿಲ್ಲ.

ಎಲ್ಲ ಇದ್ದೂ ಎಲ್ಲಿ ತಪ್ಪುತ್ತಿದೆ ಎಂದರೆ, ಎಚ್‌ಐವಿ ಒಂದು ಇಲಾಖೆ, ಬಾಣಂತನ ಇನ್ನೊಂದು, ಮನಸ್ಸು ಮತ್ತೊಂದು. ಎಆರ್‌ಟಿ ಕೇಂದ್ರದ ಚೀಟಿ ಹಿಡಿದು ಮನೋವೈದ್ಯರ ಹೊರರೋಗಿ ವಿಭಾಗಕ್ಕೆ ಹೋದರೆ ‘ಇವತ್ತು ಇಲ್ಲ, ಮಂಗಳವಾರ ಬನ್ನಿ’. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ಜಿಂಬಾಬ್ವೆಯ ಆ ಬಡ ಹೆಂಗಸಿನ ಕಷ್ಟ ಇಲ್ಲಿ ಅಷ್ಟರಮಟ್ಟಿಗೆ ಕಡಿಮೆ. ಆದರೆ ಇನ್ನೊಂದು ದಿನದ ಕೂಲಿ ಹೋಗುತ್ತದೆ, ‘ಮತ್ತೆ ಯಾಕೆ ಆಸ್ಪತ್ರೆ?’ ಎಂಬ ಪ್ರಶ್ನೆಗೆ ಮನೆಯಲ್ಲಿ ಹೊಸ ಸುಳ್ಳು ಹುಡುಕಬೇಕು. ಗುಳಿಗೆ ಕೊಡುವ ದಿನವೇ, ಅದೇ ಕಟ್ಟಡದಲ್ಲಿ, ತಿಂಗಳಿಗೊಮ್ಮೆಯಾದರೂ ಮನೋವೈದ್ಯರು ಕೂರುವಂತಾದರೆ ಬಹುಪಾಲು ತೊಡಕು ನೀಗುತ್ತದೆ. ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಎರಡು ಇಲಾಖೆಗಳ ಕ್ಯಾಲೆಂಡರ್ ಒಂದಾಗಬೇಕು.

ಅಲ್ಲಿಯವರೆಗೆ ಓದುಗರಿಗೆ ಬೇಕಾಗಬಹುದಾದ ಒಂದಿಷ್ಟು ಮಾಹಿತಿ. ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಕೆಲಸ ಮಾಡುವ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಸೋಂಕು, ಪರೀಕ್ಷೆ, ಎಆರ್‌ಟಿ ವಿಚಾರಕ್ಕೆ 1097 ಇದೆ, ಅದಕ್ಕೂ ದುಡ್ಡಿಲ್ಲ. ಬರೀ ‘ನಿದ್ದೆ ಬರುತ್ತಿಲ್ಲ, ಮನಸ್ಸು ಸರಿಯಿಲ್ಲ’ ಎಂದು ಮಾತು ಶುರುಮಾಡಿದರೂ ಸಾಕು, ಎಚ್‌ಐವಿ ಇದೆಯೆಂದು ಮೊದಲ ಕರೆಯಲ್ಲೇ ಹೇಳಬೇಕೆಂದಿಲ್ಲ. ಔಷಧ ಬರೆಯುವ ವೈದ್ಯರ ಮುಂದೆ ಮಾತ್ರ ಎಆರ್‌ಟಿ ಗುಳಿಗೆಯ ವಿಷಯ ಮುಚ್ಚಿಡಬಾರದು. ಕಾರ್ಬಮಜೆಪಿನ್‌ನಂಥ ಕೆಲವು ಔಷಧಗಳು ಡೊಲುಟೆಗ್ರಾವಿರ್ ಶಕ್ತಿಯನ್ನು ಕುಗ್ಗಿಸುತ್ತವೆ. ವಾಲ್ಪ್ರೊಯೇಟ್ ಹೆರುವ ವಯಸ್ಸಿನವರಿಗೆ ಸಲ್ಲದು. ಸರ್ಟ್ರಾಲಿನ್‌ನಂಥ ಖಿನ್ನತೆಯ ಔಷಧಗಳನ್ನು ಟಿಎಲ್‌ಡಿ ಜೊತೆಗೂ, ಎದೆಹಾಲು ಕುಡಿಸುತ್ತಲೂ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬಹುದು. ಅವು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿದಂತಾದರೆ ಗುಳಿಗೆ ಬಿಡುವ ಮುನ್ನ ಒಮ್ಮೆ ಫೋನ್ ಮಾಡಿ ಕೇಳಿ.